ಮುಳುಗದ ಪೀಪಾಯಿ

ಆ ಊರಲ್ಲಿ ಅವಳ ಮುಖ ಗೊತ್ತಿದ್ದವರು ಕಡಿಮೆ, ದನಿ ಗೊತ್ತಿಲ್ಲದವರು ಇಲ್ಲವೇ ಇಲ್ಲ. ಬಸ್ ನಿಲ್ದಾಣದ ಮಹಡಿಯ ಮೇಲೆ ಬೆಂಕಿಪೊಟ್ಟಣದಂಥ ಒಂದು ಕೋಣೆ. ಅದರಲ್ಲಿ ಕೂತು ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ, ಯಾವುದು ತಡ, ಯಾವುದು ದಾರಿಯಲ್ಲಿ ಕೆಟ್ಟು ನಿಂತಿದೆ ಎಂದು ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಮೊದಲು ಟಿಂಗ್ ಟಾಂಗ್ ಟಿಂಗ್ ಎಂದು ಗಂಟೆಯ ರಾಗ, ಅದರ ಬೆನ್ನಿಗೇ ಅವಳ “ಪ್ರಯಾಣಿಕರ ಗಮನಕ್ಕೆ”. ಓಡುತ್ತಿದ್ದವರು ನಿಲ್ಲುತ್ತಿದ್ದರು, ನಿಂತಿದ್ದವರು ಓಡುತ್ತಿದ್ದರು. ಕಂಡಕ್ಟರುಗಳು ಅವಳಿಗೆ ಮೈಕಮ್ಮ ಎಂದು ಹೆಸರಿಟ್ಟರು. ಮನೆಯವರ ಬಾಯಲ್ಲೂ ಅದೇ ಬಂದ ಮೇಲೆ ಅಪ್ಪ ಅಮ್ಮ ಇಟ್ಟ ಹೆಸರು ಎಲ್ಲೋ ಮೂಲೆ ಸೇರಿತು.

ಅನ್ನ ಕೊಟ್ಟ ದವಡೆಯೇ ಕೈಕೊಟ್ಟಿತು. ಹಿಂದೊಮ್ಮೆ ನಾಲಿಗೆಯ ಕೆಳಗೆ ಗಂಟೊಂದು ಎದ್ದು, ಅದು ಕೆಟ್ಟದ್ದೇ ಎಂದು ತಿಳಿದು, ಆಸ್ಪತ್ರೆಯಲ್ಲಿ ವಿಕಿರಣದ ಕರೆಂಟು ಕೊಟ್ಟು ಸುಟ್ಟಿದ್ದರು. ಗಂಟು ಹೋಯಿತು, ಮೈಕಮ್ಮ ಉಳಿದಳು, ಮೈಕಿಗೂ ಮರಳಿದಳು. ಎಲ್ಲರೂ ಮರೆತ ಎಷ್ಟೋ ವರ್ಷದ ಮೇಲೆ ಒಂದು ಹುಳುಕು ಹಲ್ಲು ಕೀಳಿಸಿದ್ದೇ ನೆಪ, ಆ ಗುಂಡಿ ಮಾಯಲೇ ಇಲ್ಲ. ಒಳಗಿನ ಎಲುಬು ಬೆಳ್ಳಗೆ ಹೊರಗೆ ಇಣುಕಿತು. ಸಂಜೆಯ ಹೊತ್ತಿಗೆ ಬಾಯಿ ಬಿಗಿದುಕೊಳ್ಳುತ್ತಿತ್ತು. ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಗಲ್ಲ ಹಿಡಿದು ಅವಳು ಬಸ್ಸು ಕೂಗುವುದನ್ನು ನೋಡಲಾರದೆ ಅವಳ ನಾದಿನಿಯೇ ಎಳೆದುಕೊಂಡು ಆಸ್ಪತ್ರೆಗೆ ಬಂದಳು.

ನಾದಿನಿ ಎಂದರೆ ಗಂಡನ ತಂಗಿ, ಇಸ್ತ್ರಿ ಅಂಗಡಿಯವಳು. ಅವಳ ಕೈಯ ಇಸ್ತ್ರಿಪೆಟ್ಟಿಗೆಗಿಂತ ನಾಲಿಗೆ ಬಿಸಿ ಎಂಬುದು ಇಡೀ ಬೀದಿಯ ಅಭಿಪ್ರಾಯ. ಅತ್ತಿಗೆ ನಾದಿನಿಯರಿಗೆ ಮದುವೆಯಾದ ದಿನದಿಂದಲೂ ಎಣ್ಣೆ ಸೀಗೆಕಾಯಿ. ಆದರೆ ಬೇರೆಯವರು ಅತ್ತಿಗೆಯ ಬಗ್ಗೆ ಒಂದು ಮಾತಾಡಲಿ ನೋಡೋಣ.

ದವಡೆ ಡಾಕ್ಟರು ನಡುವಯಸ್ಸಿನ ಹೆಂಗಸು. ಸುತ್ತುಬಳಸಿ ಮಾತಾಡುವವಳಲ್ಲ. ಕರೆಂಟಿನ ಬಿಸಿಗೆ ಎಲುಬಿನೊಳಗಿನ ಸಣ್ಣ ಸಣ್ಣ ರಕ್ತನಾಳಗಳು ಸತ್ತಿವೆ, ಎಲುಬಿಗೆ ಉಸಿರು ತಲುಪುತ್ತಿಲ್ಲ, ಸತ್ತ ಭಾಗ ತೆಗೆದು ಕಾಲಿನ ಎಲುಬಿನ ತುಂಡು ಕೂರಿಸಬೇಕು ಎಂದಳು. ಆದರೆ ಉಸಿರಿಲ್ಲದ ಜಾಗಕ್ಕೆ ಕತ್ತಿ ಹಾಕಿದರೆ ಆ ಗಾಯವೂ ಮಾಯುವುದಿಲ್ಲ. ಹಾಗಾಗಿ ಮೊದಲು ಒಂದಷ್ಟು ದಿನ ಒತ್ತಡದ ಕೋಣೆಯಲ್ಲಿ ಕೂತು ಶುದ್ಧ ಆಮ್ಲಜನಕ ಎಳೆದುಕೊಳ್ಳಬೇಕು, ಹೊಸ ನಾಳ ಚಿಗುರಬೇಕು. ಆಮೇಲೆ ಆಪರೇಷನ್. ಅದಾದ ಮೇಲೆ ಮತ್ತೆ ಅದೇ ಕೋಣೆ.

“ಮೊದಲಿಂದು ಎಲುಬು ಕತ್ತಿ ತಾಳಿಕೊಳ್ಳಲಿ ಅಂತ,” ಎಂದಳು ಡಾಕ್ಟರು. “ಆಮೇಲಿಂದು ಹೊಸ ತುಂಡು ನಿಮ್ಮದಾಗಲಿ ಅಂತ. ಅರ್ಧಕ್ಕೆ ಬಿಟ್ಟರೆ ಮಾಡಿದ್ದೆಲ್ಲ ಮಣ್ಣುಪಾಲು. ತುಂಡು ಸತ್ತರೆ ಮತ್ತೆ ಕೂರಿಸೋಕೆ ನನ್ನ ಹತ್ರ ಜಾಗ ಇರಲ್ಲ. ಮಾತು ಮರೆತುಬಿಡಿ ಆಮೇಲೆ.”

ಮೈಕಮ್ಮ ತಲೆಯಾಡಿಸಿದಳು. 

ಆ ಕೋಣೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಕೋಣೆ ಅನ್ನುವುದಕ್ಕಿಂತ ಅಡ್ಡ ಮಲಗಿಸಿದ ದೊಡ್ಡ ಉಕ್ಕಿನ ಪೀಪಾಯಿ ಅನ್ನಬೇಕು, ರೋಗಿಗಳೆಲ್ಲ ಅದನ್ನು ಕರೆಯುತ್ತಿದ್ದುದೂ ಹಾಗೆಯೇ. ಒಂದು ದಪ್ಪ ಬಾಗಿಲು, ಪಕ್ಕಗಳಲ್ಲಿ ತಟ್ಟೆಯಗಲದ ದುಂಡು ಗಾಜಿನ ಕಿಂಡಿಗಳು, ಒಳಗೆ ಎದುರುಬದುರು ಎರಡೆರಡು ಕುರ್ಚಿಗಳು. ಬಾಗಿಲು ಹಾಕಿ ಗಾಳಿ ತುಂಬಿದರೆ ಸಮುದ್ರದ ಆಳಕ್ಕೆ ಇಳಿದಷ್ಟು ಒತ್ತಡ. ಅದಕ್ಕೇ ಆ ಕೆಲಸಕ್ಕೆ ‘ಮುಳುಗುವುದು’ ಎಂದೇ ಹೆಸರು. ಆಳ ತಲುಪಿದ ಮೇಲೆ ಒಬ್ಬೊಬ್ಬರ ತಲೆಗೂ ಗಾಜಿನಂಥ ಪಾರದರ್ಶಕ ಟೋಪಿ, ಅದರೊಳಗೆ ಆಮ್ಲಜನಕ. ಬೆಂಕಿಯ ಭಯವಾದ್ದರಿಂದ ಮೈಮೇಲೆ ಹತ್ತಿ ಬಟ್ಟೆಯೊಂದೇ. ಎಣ್ಣೆ ಇಲ್ಲ, ಅತ್ತರು ಇಲ್ಲ, ಫೋನು ಇಲ್ಲ, ಕೂದಲಿಗೊಂದು ಪಿನ್ನೂ ಇಲ್ಲ. ಒಳಗೆ ಹೋಗುವ ಹೊತ್ತಿಗೆ ಎಲ್ಲರೂ ಒಂದೇ ತರಹದ ಮಾಸಲು ನಿಲುವಂಗಿಯ ಮನುಷ್ಯರು. ನಾದಿನಿ ಮಾತ್ರ ಅತ್ತಿಗೆಯ ನಿಲುವಂಗಿಯನ್ನು ಅಂಗಡಿಗೆ ಒಯ್ದು ಗರಿಗರಿ ಇಸ್ತ್ರಿ ಹಾಕಿ ತರುತ್ತಿದ್ದಳು. ಆಸ್ಪತ್ರೆಯ ಇಸ್ತ್ರಿ ಇಸ್ತ್ರಿಯೇ ಅಲ್ಲ, ಬಟ್ಟೆಗೆ ಬಿಸಿ ತೋರಿಸಿ ಹೆದರಿಸುತ್ತಾರೆ ಅಷ್ಟೆ ಎಂಬುದು ಅವಳ ವಾದ.

ಇಳಿಯುವಾಗಲೇ ಕಷ್ಟ. ಗಾಳಿ ಭೋರೆನ್ನುತ್ತದೆ, ಸೆಕೆ ಏರುತ್ತದೆ, ಕಿವಿಯೊಳಗೆ ಯಾರೋ ಹೆಬ್ಬೆರಳು ಒತ್ತಿದಂತಾಗುತ್ತದೆ. ಉಗುಳು ನುಂಗಬೇಕು, ಇಲ್ಲವೇ ಮೂಗು ಹಿಡಿದು ಊದಬೇಕು, ಆಗ ಕಿವಿ ಪಟ್ಟೆಂದು ಬಿಡುತ್ತದೆ. ಬಿಡದಿದ್ದರೆ ಪರದೆ ಹರಿದೀತು. ಆ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲ. ಹಾಗಾಗಿ ಅಲ್ಲಿನ ನಿಯಮ ಒಂದೇ: ನೋವಾದವರು ಕೈ ಎತ್ತಬೇಕು. ಒಬ್ಬರ ಕೈ ಮೇಲಿದ್ದರೂ ಪೀಪಾಯಿ ನಿಲ್ಲಬೇಕು. ಆ ಕಿವಿ ಬಿಡುವವರೆಗೂ ಎಲ್ಲರೂ ಕಾಯಬೇಕು. ಬಿಡಲೇ ಇಲ್ಲವೆಂದರೆ ಎಲ್ಲರೂ ಮೇಲಕ್ಕೆ.

ಹೊರಗೆ ಗುಂಡಿಗಳ ಮೇಜಿನ ಮುಂದೆ ಕೂರುವ ಆಪರೇಟರ್ ಹಿಂದೆ ಬಂದರಿನಲ್ಲಿ ಹಡಗಿನ ಅಡಿಗೆ ಮುಳುಗಿ ಕೆಲಸ ಮಾಡುತ್ತಿದ್ದವನು. ಮಾತು ಎಣಿಸಿ ಆಡುವ ಆಸಾಮಿ. ಮೊದಲ ದಿನವೇ ಎಲ್ಲರಿಗೂ ಹೇಳಿದ್ದ: “ನಿಮ್ಮ ಕಿವಿ ನೋವು ನನಗೆ ಕಾಣಲ್ಲ. ಕೈ ಕಾಣತ್ತೆ. ನಾನು ನಂಬೋದು ಕೈನ.”

ಬೆಳಗಿನ ಪಾಳಿಯಲ್ಲಿ ಮೈಕಮ್ಮನ ಜೊತೆಗಾರರು ಇಬ್ಬರು. ಒಬ್ಬ ಲಾರಿ ಮಾವ. ಸಕ್ಕರೆ ಕಾಯಿಲೆಯಿಂದ ಕಾಲ್ಬೆರಳು ಕಪ್ಪಾಗಿ, ಅವನ್ನು ತೆಗೆಯುವ ಮೊದಲು ಉಳಿದ ಪಾದಕ್ಕೆ ಜೀವ ತುಂಬಲು ಬರುತ್ತಿದ್ದ. ಅಷ್ಟು ದೊಡ್ಡ ಲಾರಿ ಓಡಿಸಿದ ಕಾಲನ್ನು ಈಗ ಒಂದು ಸಣ್ಣ ಮಣೆಯ ಮೇಲೆ ಮಗುವಿನಂತೆ ಮಲಗಿಸಿಕೊಂಡು ಕೂರುತ್ತಿದ್ದ. ಇನ್ನೊಬ್ಬರು ನಿವೃತ್ತ ಮೇಷ್ಟ್ರು. ಕರೆಂಟು ಕೊಟ್ಟ ಹೊಟ್ಟೆಯ ಗಾಯ ಅವರದು. ಲಾರಿ ಮಾವನ ಕಿವಿ ಬಲು ಮೊಂಡು. ಶುರುವಿನಲ್ಲಿ ಅವನ ಕೈ ಪದೇ ಪದೇ ಮೇಲೆ ಹೋಗುತ್ತಿತ್ತು, ಪೀಪಾಯಿ ಹೆಜ್ಜೆಹೆಜ್ಜೆಗೂ ನಿಲ್ಲುತ್ತಿತ್ತು. ಅವನು ನಾಚಿಕೊಂಡರೆ ಮೇಷ್ಟ್ರು, “ಇರಲಿ ಬಿಡಯ್ಯ, ಜೀವಮಾನವೆಲ್ಲ ಹಾರ್ನ್ ಹೊಡೆದು ಬೇರೆಯವರ ಕಿವಿ ಕೆಡಿಸಿದೀಯ, ಈಗ ಬಡ್ಡಿ ಕಟ್ಟು,” ಎನ್ನುತ್ತಿದ್ದರು. ಯಾರೂ ಗೊಣಗಲಿಲ್ಲ. ಕಾಯುವುದೂ ಔಷಧಿಯ ಒಂದು ಭಾಗ ಎಂಬಂತೆ ಕಾದರು.

ಬಾಗಿಲು ಮುಚ್ಚಿದೊಡನೆ ಮೈಕಮ್ಮನ ಪಾಲಿನ ಕೆಲಸ. ಗಲ್ಲ ಹಿಡಿದುಕೊಂಡು, ಬಸ್ ನಿಲ್ದಾಣದ ಅದೇ ಗತ್ತಿನಲ್ಲಿ: “ಪ್ರಯಾಣಿಕರ ಗಮನಕ್ಕೆ. ಪಾತಾಳಕ್ಕೆ ಹೋಗುವ ವೇಗದೂತ ಬಸ್ಸು ಇದೀಗ ಹೊರಡಲಿದೆ. ಕಿವಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.” ಹೊರಗಿನ ಆಪರೇಟರನ ಮೀಸೆಯೂ ಒಮ್ಮೊಮ್ಮೆ ಅಲುಗುತ್ತಿತ್ತು.

ಹೀಗೆ ಮೊದಲಿನ ಮುಳುಗುಗಳೆಲ್ಲ ಮುಗಿದು, ಆಪರೇಷನ್ನೂ ಆಯಿತು. ಎಚ್ಚರವಾದಾಗ ಮೈಕಮ್ಮನ ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ತಂತಿ ರಬ್ಬರು ಹಾಕಿ ಬಿಗಿದಿದ್ದರು. ಗಲ್ಲ ಊದಿ ಕುಂಬಳಕಾಯಿ. ಒಂದು ಅಕ್ಷರ ಆಡಕೂಡದು. ಹಾಲು, ನೀರು, ಎಲ್ಲ ನಳಿಕೆಯಲ್ಲಿ. “ಮನೇಲಿ ರೇಡಿಯೋ ಕೆಟ್ಟ ಹಾಗಿದೆ,” ಎಂದಳು ನಾದಿನಿ. “ನಾನೊಬ್ಬಳೇ ಜಗಳ ಆಡಿ ಆಡಿ ಸಾಕಾಯ್ತು. ಬೇಗ ವಾಸಿ ಮಾಡ್ಕೊ ಅತ್ತಿಗೆ, ಎದುರು ಮಾತಾಡೋರಿಲ್ದೆ ರುಚಿಯೇ ಇಲ್ಲ.” ಹೇಳುತ್ತ ಹೇಳುತ್ತ ಹಾಲಿನ ಬಟ್ಟಲು ತೊಳೆಯುವ ನೆಪದಲ್ಲಿ ಮುಖ ತಿರುಗಿಸಿಕೊಂಡಳು.

ಮತ್ತೆ ಮುಳುಗಲು ಹೇಳಿದ ಬೆಳಿಗ್ಗೆ ನಾದಿನಿ ನಿಲುವಂಗಿಗೆ ಇಸ್ತ್ರಿ ಹಾಕಿ, ಅತ್ತಿಗೆಯನ್ನು ಮೆಲ್ಲಗೆ ನಡೆಸಿಕೊಂಡು ನೆಲಮಾಳಿಗೆಗೆ ಬಂದಳು. ಪೀಪಾಯಿಯೊಳಗೆ ಮೈಕಮ್ಮನ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು. ಪಕ್ಕದಲ್ಲಿ ಇನ್ನೊಬ್ಬರು. ಗಂಡ ಹೆಂಡತಿ, ಮೈತುಂಬ ಆರೋಗ್ಯ, ಕಾಲಿಗೆ ಬಟ್ಟೆಯ ಹೊಸ ಚಪ್ಪಲಿ. ಹೆಂಗಸಿನ ಕೆನ್ನೆ ಆಗತಾನೆ ತೊಳೆದ ಸೇಬು.

ಇಬ್ಬರೂ ಹೊಳಪಿನ ಪ್ಯಾಕೇಜಿನವರು. ಮೈಕಮ್ಮ ಆಪರೇಷನ್ನಿಗೆ ಮಲಗಿದ್ದ ದಿನಗಳಲ್ಲೇ ಆಸ್ಪತ್ರೆಯ ಆಡಳಿತಕ್ಕೆ ಹೊಸ ಬುದ್ಧಿ ಬಂದಿತ್ತು. ಮುಂಬಾಗಿಲಲ್ಲಿ ಆಳೆತ್ತರದ ಬೋರ್ಡು ನಿಂತಿತ್ತು, ‘ನವಯೌವನ ಆಮ್ಲಜನಕ, ಚರ್ಮಕ್ಕೆ ಹೊಳಪು, ಮನಸ್ಸಿಗೆ ಹುರುಪು’ ಎಂದು. ಕಾಯಿಲೆಯವರು ಕೂರುತ್ತಿದ್ದ ಕುರ್ಚಿಗಳಲ್ಲಿ ಕಾಯಿಲೆಯಿಲ್ಲದವರು ಕೂತರೆ ಆಸ್ಪತ್ರೆಗೆ ಲಾಭ ಹೆಚ್ಚು, ರಗಳೆ ಕಡಿಮೆ. ಸಾಯುತ್ತಿರುವ ಎಲುಬಿಗಿಂತ ಹೊಳೆಯುವ ಕೆನ್ನೆ ಮುಂದಿನ ಸಾಲಿಗೆ ಬರುವ ಕಾಲ. ಗಾಳಿಗೂ ಗಣ್ಯರ ಸಾಲು ಬಂದಿತ್ತು.

ಮ್ಯಾನೇಜರ್ ನಯವಾದ ಮನುಷ್ಯ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವವನು. ಆಪರೇಷನ್ ಚೆನ್ನಾಗಿ ಆಗಿದೆಯಲ್ಲ, ಇನ್ನು ಇದೆಲ್ಲ ಏಕೆ, ಆಮೇಲಿನ ಮುಳುಗು ಒಂದು ಉಪಚಾರ ಅಷ್ಟೇ, ಎಂದಾದರೂ ಕುರ್ಚಿ ಖಾಲಿಯಾದರೆ ಕರೆಯುತ್ತೇವೆ ಎಂದ.

ನಾದಿನಿ ಸೊಂಟಕ್ಕೆ ಕೈಯಿಟ್ಟಳು. “ಒಂದು ಬಟ್ಟೆ ಅರ್ಧ ಇಸ್ತ್ರಿ ಹಾಕಿ ಕೊಟ್ಟರೆ ನೀವು ಹಾಕ್ಕೋತೀರಾ ಸ್ವಾಮಿ? ಇವಳ ದವಡೆ ಅರ್ಧಕ್ಕೇ ಬಿಟ್ಟು ಮನೆಗೆ ಹೋಗು ಅಂತೀರಲ್ಲ.”

ಅವನು ನಕ್ಕು ಫೋನು ತೆಗೆದುಕೊಂಡ. ದವಡೆ ಡಾಕ್ಟರು ಅವನ ಜೊತೆ ಜಗಳವನ್ನೇ ಆಡಿದಳು. ತನ್ನ ಅಧಿಕಾರ ಆಪರೇಷನ್ ಕೋಣೆಯ ಹೊಸ್ತಿಲವರೆಗೆ ಮಾತ್ರ, ಪೀಪಾಯಿಯ ಬಾಗಿಲಿಗಿಲ್ಲ ಎಂದು ತಿಳಿದು ಬುಸುಗುಟ್ಟುತ್ತ ಹೊರಬಂದವಳು ಮೈಕಮ್ಮನಿಗೆ ಹೇಳಿದ್ದು ಇಷ್ಟೆ: “ಬರೋದು ಬಿಡಬೇಡಿ. ತಡವಾದಷ್ಟೂ ಆ ತುಂಡು ಸೋಲತ್ತೆ.”

ಬಂದರು. ಅತ್ತಿಗೆ ನಾದಿನಿ ಮರುದಿನವೂ ಬಂದರು, ಅದರ ಮರುದಿನವೂ. ಎಣ್ಣೆ ಸೋಕದ ತಲೆ, ಗರಿಗರಿ ನಿಲುವಂಗಿ, ಬರಿಗೈ. ಹೊರಗಿನ ಬೆಂಚಿನಲ್ಲಿ ಕೂತು ಬಾಗಿಲು ಮುಚ್ಚುವುದನ್ನು ನೋಡುವುದು, ಎದ್ದು ಹೋಗುವುದು. ಕನ್ನಡಿಯಲ್ಲಿ ನೋಡಿಕೊಂಡಾಗ ಹೊಲಿಗೆಯ ಒಂದು ಅಂಚು ಮಂಕಾಗಿ ನೀಲಿ ತಿರುಗಿದ್ದು ಮೈಕಮ್ಮನಿಗೆ ಕಂಡಿತು. ಒಳಗೆ ಕಾಲಿನ ಎಲುಬು ಒಂಟಿಯಾಗಿ, ಉಸಿರಿಗೆ ಬಾಯಿ ಬಿಟ್ಟುಕೊಂಡು ಮಲಗಿದೆ ಅನ್ನಿಸಿತು. ಅಳು ಬರಲಿಲ್ಲ. ಬಂದದ್ದು ಸಿಟ್ಟು, ಬಾಯಿ ಕಟ್ಟಿದ್ದರಿಂದ ಹೊರಗೆ ದಾರಿ ಸಿಗದ ಸಿಟ್ಟು.

ಮರು ಬೆಳಿಗ್ಗೆ ಅವಳು ಬೆಂಚಿನಲ್ಲಿ ಕೂರಲಿಲ್ಲ. ಬಾಗಿಲು ಮುಚ್ಚಿ ಗಾಳಿ ಭೋರೆನ್ನಲು ಶುರುವಾದೊಡನೆ ನೇರ ಪೀಪಾಯಿಯ ಪಕ್ಕಕ್ಕೆ ಹೋಗಿ, ದುಂಡು ಕಿಂಡಿಗೆ ಮುಖ ಕೊಟ್ಟು ನಿಂತು, ಬಲಗೈ ಎತ್ತಿದಳು.

ಒಳಗೆ ಲಾರಿ ಮಾವ ಮೂಗು ಹಿಡಿದು ಊದುತ್ತಿದ್ದ. ಕಿಂಡಿಯಲ್ಲಿ ಊದಿದ ಗಲ್ಲ, ಎತ್ತಿದ ಕೈ. ಅವನು ನೋಡಿದ. ಆಮೇಲೆ ಮೂಗು ಬಿಟ್ಟು, ಸ್ಟಿಯರಿಂಗ್ ತಿರುಗಿಸಿ ಗಟ್ಟಿಯಾದ ತನ್ನ ಕೈಯನ್ನೂ ಮೇಲಕ್ಕೆತ್ತಿದ. ಮೇಷ್ಟ್ರು ಅವನನ್ನು ನೋಡಿದರು, ಕಿಂಡಿಯನ್ನು ನೋಡಿದರು, ತರಗತಿಯಲ್ಲಿ ಜೀವಮಾನವಿಡೀ ಬೇರೆಯವರಿಂದ ಎತ್ತಿಸಿದ ಕೈಯನ್ನು ತಾವೇ ಎತ್ತಿದರು.

ಭೋರೆನ್ನುವುದು ನಿಂತಿತು. ಆಪರೇಟರ್ ಸ್ಪೀಕರಿನಲ್ಲಿ ಯಾರಿಗೆ ನೋವು ಎಂದು ಕೇಳಿದ.

“ನಮಗೆ,” ಎಂದ ಲಾರಿ ಮಾವ.

ಸ್ವಲ್ಪ ಮೇಲೆ ತಂದ, ಕಾದ, ಮತ್ತೆ ಇಳಿಸಿದ. ಮತ್ತೆ ಕೈಗಳು ಎದ್ದವು. ಆಪರೇಟರ್ ತಿರುಗಿ ಕಿಂಡಿಯ ಬಳಿ ನಿಂತಿದ್ದ ಮೈಕಮ್ಮನ ಕೈಯನ್ನು ದೀರ್ಘವಾಗಿ ನೋಡಿದ. ಅವನಿಗೆ ಎಲ್ಲ ಅರ್ಥವಾಗಿತ್ತು. ಪೀಪಾಯಿಯನ್ನು ಪೂರ್ತಿ ಮೇಲಕ್ಕೆ ತಂದು ಬಾಗಿಲು ತೆರೆದ. ಅವತ್ತು ಯಾರೂ ಮುಳುಗಲಿಲ್ಲ.

ಹೊಳಪಿನ ಗಂಡ ಮ್ಯಾನೇಜರನ ಕೋಣೆಗೆ ಹೋಗಿ ಕೂಗಾಡಿದ್ದು ಮೆಟ್ಟಿಲ ತನಕ ಕೇಳಿಸಿತು. ಮಾರನೆಯ ದಿನ ಮ್ಯಾನೇಜರ್ ತಾನೇ ಕೆಳಗಿಳಿದು ಬಂದ. ಯಾರ ಕಿವಿ ಒತ್ತಡ ತಾಳುವುದಿಲ್ಲವೋ ಅವರ ಚಿಕಿತ್ಸೆ ನಿಲ್ಲಿಸಬೇಕಾಗುತ್ತದೆ, ಅದು ಅವರ ಒಳ್ಳೆಯದಕ್ಕೇ ಎಂದ. ಹೇಳುವಾಗ ಅವನ ಕಣ್ಣು ಲಾರಿ ಮಾವನ ಕಪ್ಪು ಬೆರಳುಗಳ ಮೇಲಿತ್ತು.

 ತನ್ನ ದವಡೆಗಾಗಿ ಇನ್ನೊಬ್ಬನ ಕಾಲು ಹೋಗಬಾರದು. ಮೈಕಮ್ಮ ಲಾರಿ ಮಾವನ ಹತ್ತಿರ ಹೋಗಿ, ಅವನ ಕೈ ಹಿಡಿದು, ಕೆಳಗೆ ಒತ್ತಿ ತೋರಿಸಿದಳು. ಬೇಡ, ಎತ್ತಬೇಡ. ಲಾರಿ ಮಾವ ಕೈ ಬಿಡಿಸಿಕೊಂಡ.

“ಮೊದಲ ದಿನಗಳಲ್ಲಿ ನನ್ನ ಕಿವಿಗೋಸ್ಕರ ನೀನು ಕಾಯಲಿಲ್ವಾ ತಾಯಿ? ಆಗ ನಾನು ಬೇಡ ಅಂದ್ನಾ?” ಎಂದ. “ಕೈ ನಂದು, ಕಿವಿ ನಂದು. ನೋವು ಎಲ್ಲಿದೆ ಅಂತ ನಾನು ಹೇಳ್ತೀನಿ.”

ಅಷ್ಟಕ್ಕೇ ಮ್ಯಾನೇಜರಿಗೆ ರೋಷ ಬಂತು. ಈ ಕಿವಿ ನೋವಿನ ನಾಟಕ ನಾನೂ ನೋಡುತ್ತೇನೆ, ಇವತ್ತು ನಾನೇ ಒಳಗೆ ಕೂರುತ್ತೇನೆ ಎಂದು ಸೂಟು ಬೂಟು ಕಳಚಿ, ಒಂದು ನಿಲುವಂಗಿ ತೊಟ್ಟುಕೊಂಡು ಬಂದ. ಆ ವೇಷದಲ್ಲಿ ಅವನ ಮೊಣಕಾಲು ಕಂಡದ್ದೇ ನಾದಿನಿ ಕೆಮ್ಮಿನ ನೆಪ ಹೂಡಿ ಗೋಡೆಗೆ ತಿರುಗಿದಳು. ನೆಗಡಿಯೇನಾದರೂ ಇದೆಯೇ ಎಂದು ಆಪರೇಟರ್ ಎಲ್ಲರನ್ನೂ ಕೇಳುವಂತೆ ಅವನನ್ನೂ ಕೇಳಿದ. ಸಿಬ್ಬಂದಿ ಕೂರುವ, ಆಮ್ಲಜನಕದ ಟೋಪಿಯಿಲ್ಲದ ಸ್ಟೂಲಿನ ಮೇಲೆ ಕೂತು, ಬಾಗಿಲು ಹಾಕು ಎಂದನೇ ಹೊರತು ಅವನು ಉತ್ತರ ಕೊಡಲಿಲ್ಲ.

ಗಾಳಿ ಭೋರೆಂದಿತು. ಮೈಕಮ್ಮ ಕಿಂಡಿಯ ಬಳಿ ನಿಂತಳು. ಇನ್ನೂ ಕೈ ಎತ್ತಿರಲಿಲ್ಲ. ಲಾರಿ ಮಾವನ ಕೈ ಮಡಿಲಲ್ಲೇ ಇತ್ತು, ಮೇಷ್ಟ್ರದೂ ಅಷ್ಟೇ. ಎಲ್ಲರಿಗಿಂತ ಮೊದಲು ಮೇಲೆ ಹೋದದ್ದು ಮ್ಯಾನೇಜರನ ಕೈ. ಮುಖ ಕಿವುಚಿ, ಇನ್ನೊಂದು ಕೈಯಲ್ಲಿ ಕಿವಿ ಅದುಮಿಕೊಂಡು, ಮುಳುಗುವವನಂತೆ ಬೀಸುತ್ತಿದ್ದ.

ಪೀಪಾಯಿ ನಿಂತಿತು. ಅವನಿಗಾಗಿಯೂ ನಿಂತಿತು. ಆ ನಿಯಮಕ್ಕೆ ಮ್ಯಾನೇಜರೂ ಒಂದೇ, ಲಾರಿ ಮಾವನೂ ಒಂದೇ. ಲಾರಿ ಮಾವ ಎದ್ದು ಹೋಗಿ, ಮೂಗು ಹೀಗೆ ಹಿಡಿಯಬೇಕು, ಹೀಗೆ ಊದಬೇಕು, ಗಾಬರಿಯಾಗಬೇಡಿ ಎಂದು ತೋರಿಸಿಕೊಡುವುದು ಗಾಜಿನಾಚೆಗೆ ಕಂಡಿತು. ನೆಗಡಿಯಿಂದ ಕಟ್ಟಿದ ಮ್ಯಾನೇಜರನ ಮೂಗು ಬಿಡಲಿಲ್ಲ. ಅವತ್ತೂ ಎಲ್ಲರೂ ಮುಳುಗದೆ ಮೇಲೆ ಬಂದರು. ಹೊಳಪಿನ ಗಂಡ ಈ ಸಲ ಕೂಗಾಡಿದ್ದು ನಿಲುವಂಗಿಯಲ್ಲೇ ನಿಂತಿದ್ದ ಮ್ಯಾನೇಜರನ ಮುಖಕ್ಕೆ, ಎಲ್ಲರೆದುರಿಗೆ.

ಅವಮಾನ ನುಂಗಿದ ಅಧಿಕಾರ ಸುಮ್ಮನಿರುವುದಿಲ್ಲ. ಆದರೆ ಬೈಯುವುದು, ಹೊರಗೆ ಹಾಕುವುದು ಮ್ಯಾನೇಜರನ ದಾರಿಯಲ್ಲ. ಅವನದು ಬೆಣ್ಣೆಯ ದಾರಿ. ಮರು ಬೆಳಿಗ್ಗೆ ಮೈಕಮ್ಮ ಬರುವಷ್ಟರಲ್ಲಿ ಅವನೇ ಮೆಟ್ಟಿಲ ಬಳಿ ಕಾದಿದ್ದ, ಒಂದು ಕಿವಿಯಲ್ಲಿ ಹತ್ತಿ. ನಿಮ್ಮ ವಿಷಯ ಮತ್ತೆ ವಿಚಾರ ಮಾಡಿದೆವು, ಒಂದು ಕುರ್ಚಿ ಖಾಲಿಯಾಗಿದೆ, ಇವತ್ತಿನಿಂದಲೇ ಕೂತುಕೊಳ್ಳಿ, ಇನ್ನು ಗಲಾಟೆ ಬೇಡ ಎಂದ. ನಾದಿನಿಗೆ ಸ್ವರ್ಗಕ್ಕೆ ಮೂರೇ ಗೇಣು. ಅತ್ತಿಗೆಯ ಕತ್ತಿನ ಪಟ್ಟಿ ಸರಿಮಾಡಿ, ಹೋಗು ಹೋಗು ಎಂದು ಬೆನ್ನು ತಳ್ಳಿದಳು.

ಮೈಕಮ್ಮ ಬಾಗಿ ಒಳಗೆ ಹೋಗಿ, ತೋರಿಸಿದ ಕುರ್ಚಿಯಲ್ಲಿ ಕೂತಳು. ಎದುರಿಗೆ ಹೊಳಪಿನ ದಂಪತಿ. ಪಕ್ಕದಲ್ಲಿ ಮೇಷ್ಟ್ರು, ಯಾಕೋ ತಲೆ ತಗ್ಗಿಸಿದ್ದರು. ಬಾಗಿಲು ಮುಚ್ಚಿತು. ಕಾಲಿಗೆ ಏನೋ ತಾಗಿತು. ನೋಡಿದರೆ ಒಂದು ಸಣ್ಣ ಮಣೆ. ಅದರ ಮೇಲೆ ಮಡಿಸಿಟ್ಟ ಹತ್ತಿಯ ಟವೆಲು, ನಡುವೆ ಪಾದ ಊರಿ ಊರಿ ಆದ ತಗ್ಗು.

ಅವಳು ತಟ್ಟನೆ ಕಿಂಡಿಯತ್ತ ತಿರುಗಿದಳು. ಹೊರಗೆ ಗಾಲಿಕುರ್ಚಿಯಲ್ಲಿ ಲಾರಿ ಮಾವ. ನಿಲುವಂಗಿ ತೊಟ್ಟೇ ಕೂತಿದ್ದ. ಒತ್ತಡಕ್ಕೆ ನಿಮ್ಮ ಕಿವಿ ಒಗ್ಗುವುದಿಲ್ಲ ಎಂದು ಅವನನ್ನು ಬೆಳಿಗ್ಗೆ ತಾನೇ ಇಳಿಸಿದ್ದರು. ಅವಳು ನೋಡಿದ್ದನ್ನು ಕಂಡು ಅವನು ಎರಡೂ ಕೈಯಲ್ಲಿ, ಕೂತ್ಕೊ, ಕೂತ್ಕೊ ಎಂದು ಸನ್ನೆ ಮಾಡಿದ. ನಗುವುದಕ್ಕೂ ಪ್ರಯತ್ನಿಸಿದ.

ಗಾಳಿ ಭೋರೆಂದಿತು. ಸೆಕೆ ಮೆಲ್ಲಗೆ ಏರಿತು. ಕಿವಿಯಲ್ಲಿ ಆ ಹಳೆಯ ಹೆಬ್ಬೆರಳು ಒತ್ತಿತು. ಬಾಯಿ ತೆರೆಯಲಾಗದಿದ್ದರೂ ಉಗುಳು ನುಂಗಲು ಬರುತ್ತಿತ್ತು. ನುಂಗಿದಳು, ಕಿವಿ ಪಟ್ಟೆಂದಿತು. ಇನ್ನು ಸ್ವಲ್ಪ ಹೊತ್ತು, ಆಳ ಮುಟ್ಟುತ್ತದೆ, ತಲೆಗೆ ಟೋಪಿ ಬರುತ್ತದೆ, ಗಲ್ಲದೊಳಗೆ ಕಾಯುತ್ತಿರುವ ಆ ತುಂಡಿಗೆ ಉಸಿರು ಸಿಗುತ್ತದೆ. ಮತ್ತೆ ಮೈಕು, ಮತ್ತೆ ಗಂಟೆಯ ರಾಗ, ಮತ್ತೆ ಪ್ರಯಾಣಿಕರ ಗಮನಕ್ಕೆ. ಅದಕ್ಕೆ ಬೇಕಾದ್ದು ಇಷ್ಟೇ, ಕೈಯನ್ನು ಮಡಿಲಲ್ಲಿ ಸುಮ್ಮನೆ ಇಟ್ಟುಕೊಳ್ಳುವುದು. ಕಿಂಡಿಯಲ್ಲಿ ನಾದಿನಿಯ ಮುಖ ಬಂತು. ಅವಳಿಗೂ ಎಲ್ಲ ಗೊತ್ತಾಗಿತ್ತು. ಬೇಡ ಅತ್ತಿಗೆ, ಇದೊಂದು ಸಲ ಸುಮ್ಮನಿರು ಎಂದು ಕಣ್ಣಲ್ಲೇ ಬೇಡುತ್ತಿದ್ದಳು.

ಬಡವರಿಗೆ ಕೊಡುವ ಕುರ್ಚಿಯನ್ನು ಇನ್ನೊಬ್ಬ ಬಡವನ ಅಡಿಯಿಂದಲೇ ಎಳೆದು ಕೊಡುತ್ತಾರೆ, ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದಂತೆ ಮಾಡುತ್ತಾರೆ. ಹೊಳಪಿನವರ ಕುರ್ಚಿಗಳು ಮಾತ್ರ ಅಲುಗುವುದೇ ಇಲ್ಲ. ಮೈಕಮ್ಮ ಎದುರಿನ ಆ ಎರಡು ಕುರ್ಚಿಗಳನ್ನು ನೋಡಿದಳು. ಮಣೆಯನ್ನು ನೋಡಿದಳು. ಬಲಗೈ ಎತ್ತಿದಳು.

ಪೀಪಾಯಿ ನಿಂತಿತು.

“ಮೈಕಮ್ಮ, ಕಿವಿ ನೋವಾ?” ಆಪರೇಟರನ ದನಿ.

ಅವಳು ಇಲ್ಲವೆಂದು ತಲೆಯಾಡಿಸಿದಳು. ಸುಳ್ಳು ಹೇಳುವ ಅಗತ್ಯ ಅವಳಿಗೆ ಕಾಣಲಿಲ್ಲ. ಎಡಗೈಯಲ್ಲಿ ಮಣೆ ತೋರಿಸಿದಳು, ಕಿಂಡಿ ತೋರಿಸಿದಳು. ಬಲಗೈ ಮೇಲೆಯೇ ಇತ್ತು.

ಸ್ಪೀಕರಿನಲ್ಲಿ ಮ್ಯಾನೇಜರನ ದನಿ ಬಂತು, ಈಗ ಬೆಣ್ಣೆ ಎಲ್ಲ ಕರಗಿತ್ತು. “ನೋವಿಲ್ಲ ಅಂತ ಅವರೇ ಹೇಳ್ತಿದ್ದಾರೆ. ಇಳಿಸಿ. ಕೇಳಿ ಇಲ್ಲಿ, ಕೈ ಕೆಳಗಿಡದಿದ್ರೆ ಈ ಕುರ್ಚಿನೂ ಇಲ್ಲ, ಇನ್ಯಾವತ್ತೂ ಇಲ್ಲ.”

“ಕೈ ಮೇಲಿದೆ ಸಾರ್,” ಎಂದ ಆಪರೇಟರ್. “ನಾನು ಇಳಿಸಲ್ಲ.”

ಮೇಷ್ಟ್ರ ಕೈಯೂ ಮೇಲೆ ಬಂತು. ಹೊಳಪಿನ ಗಂಡ ಇದೇನಿದು ದಿನಾ ಎಂದು ಗುಡುಗಿದ. ಅವನ ಮಾತು ಮುಗಿಯುವ ಮೊದಲೇ ಅವನ ಹೆಂಡತಿಯೂ ಕೈ ಎತ್ತಿದಳು. ಅವನು ದುರುಗುಟ್ಟಿ ನೋಡಿದ. “ಸುಮ್ನಿರ್ರೀ,” ಎಂದಳು ಅವಳು, ಕೆನ್ನೆಯ ಮೇಲೆ ಎರಡು ಹನಿ. “ನಂಗೆ ನಿಜವಾಗ್ಲೂ ನೋಯ್ತಿದೆ. ಮೊದಲ ದಿನದಿಂದ್ಲೂ ನೋಯ್ತಿದೆ. ನಿಮಗೆ ಹೊಳಪು ಬೇಕಿದ್ರೆ ನೀವೇ ಹೊಳೀರಿ.”

ಮೇಷ್ಟ್ರು ಸೀನಿದಂತೆ ಮಾಡಿ ನಗು ನುಂಗಿದರು.

ಆಪರೇಟರ್ ಎಲ್ಲರನ್ನೂ ಮೇಲೆ ತಂದು ಬಾಗಿಲು ತೆರೆದ. ಹೆಂಡತಿ ಕಿವಿ ಹಿಡಿದುಕೊಂಡು ಮೊದಲು ಹೊರಗೆ ಹೋದಳು, ಕಟ್ಟಿದ್ದೆಲ್ಲ ವಾಪಸು ಕೊಡಿ, ಊರೆಲ್ಲ ಹೇಳುತ್ತೇನೆ ಎನ್ನುತ್ತ ಗಂಡ ಹಿಂದೆ. ಮ್ಯಾನೇಜರ್ ಸರ್ ಸರ್ ಎನ್ನುತ್ತ ಅವರ ಬೆನ್ನಿಗೆ ಮೆಟ್ಟಿಲು ಹತ್ತಿದ.

 ಪೀಪಾಯಿಯೊಳಗೆ ಎರಡು ಕುರ್ಚಿ ಖಾಲಿ. ಮೈಕಮ್ಮನ ಕೈ ಇನ್ನೂ ಮೇಲೆ, ಇಳಿದಿರಲಿಲ್ಲ. ಆಪರೇಟರ್ ಮೆಟ್ಟಿಲ ಕಡೆ ಒಮ್ಮೆ ನೋಡಿದ. ದಪ್ಪ ಬಾಗಿಲಿಗೆ ಕೈಯೂರಿ, ಹಳೆಯ ಕಂಡಕ್ಟರನ ಹಾಗೆ ಕೇಳಿದ:

“ಇನ್ನ್ಯಾರಾದ್ರೂ ಹತ್ತೋರು ಇದ್ದೀರಾ?”

ನಾದಿನಿ ಆಗಲೇ ಗಾಲಿಕುರ್ಚಿಯ ಹಿಡಿಗೆ ಕೈ ಹಾಕಿದ್ದಳು. “ಸ್ವಲ್ಪ ಜರುಗಿ, ದೊಡ್ಡ ಗಾಡಿ ಬರ್ತಿದೆ,” ಎಂದು ಹೊಸ್ತಿಲವರೆಗೆ ದಬ್ಬಿದಳು. ಅಲ್ಲಿಂದ ಲಾರಿ ಮಾವ ಕುಂಟುತ್ತ ಒಳಗೆ ಬಂದ. ಮೈಕಮ್ಮ ಎದ್ದು ಅವನ ಕುರ್ಚಿ ಅವನಿಗೆ ಬಿಟ್ಟು, ಎದುರಿಗೆ, ತನ್ನದೇ ಹಳೆಯ ಕುರ್ಚಿಯಲ್ಲಿ ಕೂತಳು. ಆಗ ಮಾತ್ರ ಕೈ ಇಳಿಯಿತು. ಲಾರಿ ಮಾವ ಮಣೆಯ ಮೇಲೆ ಕಾಲಿಟ್ಟುಕೊಂಡು, ಟವೆಲಿನ ಮಡಿಕೆ ಸರಿಮಾಡುತ್ತ ಕೂತ.

ನಾದಿನಿ ಬಗ್ಗಿ ಅತ್ತಿಗೆಯನ್ನು ನೋಡಿದಳು. “ಹುಚ್ಚಿ,” ಎಂದಳು. “ಬಾಯಿ ಕಟ್ಟಿದ್ರೂ ಜಗಳ ಬಿಡಲಿಲ್ಲ ನೀನು.” ಕಣ್ಣು ಒರೆಸಿಕೊಂಡು ಹಿಂದೆ ಸರಿದಳು.

ಬಾಗಿಲು ಮುಚ್ಚಿತು. ಪದ್ಧತಿಯ ಪ್ರಕಾರ ಎಲ್ಲರೂ ಮೈಕಮ್ಮನ ಕಡೆ ನೋಡಿದರು, ಆಮೇಲೆ ನೆನಪಾಗಿ ನೋಟ ಕೆಳಗಿಳಿಸಿದರು. ಅವಳು ಬಿಡಲಿಲ್ಲ. ಬಿಗಿದ ಹಲ್ಲುಗಳ ಹಿಂದಿನಿಂದ, ಮೂಗಿನಲ್ಲೇ, ಟಿಂಗ್ ಟಾಂಗ್ ಟಿಂಗ್ ಎಂದು ಗುನುಗಿದಳು. ಉಳಿದದ್ದನ್ನು ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಹೇಳಿದರು, ಪಾತಾಳದ ವೇಗದೂತ ಬಸ್ಸು ಅನಿವಾರ್ಯ ಕಾರಣಗಳಿಂದ ತಡವಾಗಿ ಹೊರಡುತ್ತಿದೆ, ತಡಕ್ಕೆ ವಿಷಾದವಿಲ್ಲ.

ಗಾಳಿ ಭೋರೆಂದಿತು. ಲಾರಿ ಮಾವನ ಮೊಂಡು ಕಿವಿಗಾಗಿ ಪೀಪಾಯಿ ದಾರಿಯಲ್ಲಿ ನಿಂತಿತು, ಎಲ್ಲರೂ ಕಾದರು, ಮತ್ತೆ ಇಳಿಯಿತು. ಆಳ ಮುಟ್ಟಿತು. ಮೈಕಮ್ಮ ಗಾಜಿನಂಥ ಟೋಪಿ ತೊಟ್ಟು, ತಣ್ಣಗೆ ಹರಿದು ಬಂದ ಗಾಳಿಯನ್ನು ಮೂಗಿನಿಂದ ಆಳವಾಗಿ ಎಳೆದುಕೊಂಡಳು. ತಗೋ, ಎಂದಳು ಮನಸ್ಸಿನಲ್ಲೇ, ಗಲ್ಲದೊಳಗಿನ ಆ ಕಾಲಿನ ತುಂಡಿಗೆ.

ಆಗ ಕಿಂಡಿಯಲ್ಲಿ ಮ್ಯಾನೇಜರನ ಮುಖ ಬಂತು. ಕೆಂಪಗಾಗಿತ್ತು. ಬಾಯಿ ಏನೇನೋ ಹೇಳುತ್ತಿತ್ತು, ಆಪರೇಟರ್ ಈ ಸಲ ಸ್ಪೀಕರಿನ ಮೈಕು ಬಿಟ್ಟುಕೊಡದ್ದರಿಂದ ಒಂದಕ್ಷರ ಒಳಗೆ ಕೇಳುತ್ತಿರಲಿಲ್ಲ. ಅಷ್ಟು ಒತ್ತಡ ತುಂಬಿದ ಮೇಲೆ ಆ ಬಾಗಿಲನ್ನು ಅವನಲ್ಲ, ಅವನ ಮೇಲಿನವನ ಮೇಲಿನವನು ಬಂದರೂ ತೆರೆಯಲಾಗದು. ನಾಳೆ ಅವನು ಇನ್ನೊಂದು ಉಪಾಯ ಹೂಡುತ್ತಾನೆ, ಗೊತ್ತಿತ್ತು. ನಾಳೆಗೆ ಇವರ ಕೈಗಳೂ ಇರುತ್ತವೆ. ಗಾಜು ಬಡಿದು ಬಡಿದು ಸಾಕಾಗಿ ಕೊನೆಗೆ ಅವನು, ನಿಲ್ಲಿಸಿ ಎನ್ನಲು, ಕೈ ಎತ್ತಿದ.

ಲಾರಿ ಮಾವ ಟೋಪಿಯೊಳಗಿಂದ ಮೇಷ್ಟ್ರ ಕಡೆ ವಾಲಿ, ಗಟ್ಟಿಯಾಗಿ ಹೇಳಿದ: “ಪಾಪ, ಅವರಿಗೆ ಇನ್ನೂ ಕಿವಿ ಬಿಟ್ಟಿಲ್ಲ.”

ಮೈಕಮ್ಮನಿಗೆ ಬಾಯಿ ತೆರೆದು ನಗುವಂತಿರಲಿಲ್ಲ. ಮೂಗಿನಲ್ಲೇ ನಕ್ಕಳು, ಹೊಲಿಗೆ ಎಳೆಯುವಷ್ಟು ನಕ್ಕಳು. ಅವಳ ಉಸಿರಿಗೆ ಟೋಪಿಯೆಲ್ಲ ಮಂಜಾಗಿ, ಕಿಂಡಿಯ ಆ ಮುಖ ಕಾಣದೇ ಹೋಯಿತು.